ಇಂಗ್ಲಿಷ್ ಓದಲು ಜರ್ಮನಿಗೆ ಯಾಕೆ?

ಓದುಗರ ಪ್ರಶ್ನೆ

ಮೇಡಂ, ನಾನು ಹಾಸನ ಜಿಲ್ಲೆಯವಳು. ಬಿಎ ಕೊನೆಯ ವರ್ಷ. ಇತಿಹಾಸ, ಪತ್ರಿಕೋದ್ಯಮ, ಐಚ್ಛಿಕ ಇಂಗ್ಲಿಷ್ ನನ್ನ ವಿಷಯಗಳು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ‘ಆಂಗ್ಲಿಸ್ಟಿಕ್–ಅಮೆರಿಕಾನಿಸ್ಟಿಕ್’ (ಇಂಗ್ಲಿಷ್ ಮತ್ತು ಅಮೆರಿಕ ಅಧ್ಯಯನ) ಅಂತ ಎಂಎ ಇದೆ, ಫೀಸು ಕಡಿಮೆ ಅಂತ ಸೀನಿಯರ್ ಒಬ್ಬರು ಹೇಳಿದರು. ಅಪ್ಪನದು ಗೊಬ್ಬರದ ಅಂಗಡಿ. ‘ಇಂಗ್ಲಿಷ್ ಓದೋಕೆ ಇಂಗ್ಲೆಂಡಿಗೆ ಹೋಗ್ತಾರೆ ಕಣಮ್ಮ, ಜರ್ಮನಿಗೆ ಯಾಕೆ?’ ಅಂತಾರೆ. ನನಗೂ ಉತ್ತರ ಗೊತ್ತಿಲ್ಲ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಜರ್ಮನ್ ಬರಲೇಬೇಕಾ? ಖರ್ಚು ಎಷ್ಟು? ಆಮೇಲೆ ಕೆಲಸ ಸಿಗುತ್ತಾ? ನಾನೇನು ದೊಡ್ಡ ಓದಿನವಳಲ್ಲ. ರಜೆಯಲ್ಲಿ ಅಂಗಡಿಯಲ್ಲಿ ಕೂತಾಗ, ಶಾಲೆಯ ಮುಖ ನೋಡದ ರೈತರೂ ‘ಡೋಸ್ ಜಾಸ್ತಿ ಆಯ್ತು, ಸ್ಪ್ರೇ ಸರಿ ಬೀಳ್ಲಿಲ್ಲ’ ಅನ್ನುತ್ತಾರಲ್ಲ, ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಹುಚ್ಚಿದೆ, ಅಷ್ಟೇ.

ಉತ್ತರ

ಮೊದಲು ನಿಮ್ಮ ಅಪ್ಪನ ಪ್ರಶ್ನೆ. ನಾನು ಹೊರಟಾಗ ನಮ್ಮ ಸೋದರಮಾವ ಕೇಳಿದ್ದೂ ಇದನ್ನೇ. ‘ಮೈಸೂರು ಪಾಕ್ ತಿನ್ನೋಕೆ ಮದ್ರಾಸಿಗೆ ಹೋದ ಹಾಗಾಯ್ತಲ್ಲೇ’ ಅಂದಿದ್ದರು. ಆಗ ನಕ್ಕು ಸುಮ್ಮನಾಗಿದ್ದೆ. ಈಗ ಅಂಥದ್ದೇ ಒಂದು ವಿಭಾಗದಲ್ಲಿ ಪಾಠ ಮಾಡುತ್ತಿರುವುದರಿಂದ ಉತ್ತರ ಕೊಡುವ ಧೈರ್ಯ ಬಂದಿದೆ.

ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಅವರ ಮನೆ ಮಾತು. ಅಲ್ಲಿ ನಾವು ನೆಂಟರು. ಎಷ್ಟೇ ಚೆನ್ನಾಗಿ ಮಾತಾಡಿದರೂ ನೆಂಟರೇ. ಜರ್ಮನಿಯ ಇಂಗ್ಲಿಷ್ ವಿಭಾಗದಲ್ಲಿ ಹಾಗಲ್ಲ. ಪಾಠ ಹೇಳುವವರಲ್ಲಿ ಹೆಚ್ಚಿನವರೂ ನೆಂಟರು, ಕೇಳುವವರೂ ನೆಂಟರು. ಇಂಗ್ಲಿಷನ್ನು ಎಲ್ಲರೂ ಹೊರಗಿನಿಂದ ಕಲಿತೇ ಬಂದಿದ್ದಾರೆ. ಮನೆಯವರ ಕಣ್ಣಿಗೆ ಬೀಳದ್ದು ನೆಂಟರ ಕಣ್ಣಿಗೆ ಬೀಳುತ್ತದೆ ಅಲ್ವಾ? ಈ ವಿಷಯ ಹುಟ್ಟಿದ್ದೇ ಆ ಕಣ್ಣಿನಿಂದ.

ಇದು ನಿನ್ನೆ ಮೊನ್ನೆಯ ಶೋಕಿಯೂ ಅಲ್ಲ. ಬರ್ನ್‌ಹಾರ್ಡ್ ಟೆನ್ ಬ್ರಿಂಕ್ ಎಂಬ ವಿದ್ವಾಂಸರು 1873ರಲ್ಲೇ ಸ್ಟ್ರಾಸ್‌ಬರ್ಗ್‌ನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಆಗ ಆ ಊರು ಜರ್ಮನಿಯ ಕೈಯಲ್ಲಿತ್ತು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೇ ಅಂತ ಪದವಿ ಶುರುವಾದದ್ದು 1890ರ ದಶಕದಲ್ಲಿ. ಕೇಂಬ್ರಿಜ್‌ನಲ್ಲಿ 1917ರಲ್ಲಿ. ಅಂದರೆ ಆ ಎರಡು ದೊಡ್ಡ ಮನೆಗಳು ಇಂಗ್ಲಿಷನ್ನು ಪಾಠದ ವಿಷಯ ಅಂತ ಒಪ್ಪಿಕೊಳ್ಳುವ ಹೊತ್ತಿಗೆ ಜರ್ಮನರು ಅದರ ಹಳೇ ಹಸ್ತಪ್ರತಿಗಳನ್ನು ಬಿಚ್ಚಿ ಕೂತಿದ್ದರು. ಇದನ್ನು ಅಪ್ಪನಿಗೆ ಹೇಳಿ. ಗೊಬ್ಬರದ ಅಂಗಡಿಯವರಿಗೆ ಹಳೇ ಲೆಕ್ಕ ಅರ್ಥವಾಗುತ್ತದೆ.

ಜರ್ಮನರಿಗೆ ಈ ಹುಚ್ಚು ಹಿಡಿದದ್ದು ಹೇಗೆ ಅನ್ನುವುದಕ್ಕೆ ನಮ್ಮ ಕನ್ನಡದ್ದೇ ಉದಾಹರಣೆ ಸಾಕು. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಲ್ ಹಲ್ಲಾಯಿತು. ಒಂದೆರಡು ಪದಕ್ಕೆ ಆದದ್ದಲ್ಲ, ಸಾಲು ಹಿಡಿದು ಆದದ್ದು. ತಮಿಳಿನಲ್ಲಿ ಆ ‘ಪ’ ಹಾಗೇ ಉಳಿದಿದೆ. ಇಂಗ್ಲಿಷಿಗೂ ಜರ್ಮನ್ ಭಾಷೆಗೂ ಇಂಥದ್ದೇ ನಂಟು. ಇಂಗ್ಲಿಷಿನ ಟೆನ್ ಜರ್ಮನ್‌ನಲ್ಲಿ ತ್ಸೇನ್, ಟೂ ಅನ್ನುವುದು ತ್ಸ್ವೈ, ಶಿಪ್ ಅನ್ನುವುದು ಶಿಫ್, ಆಪಲ್ ಅನ್ನುವುದು ಆಪ್‌ಫೆಲ್. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ಪಿತೃ ಇಂಗ್ಲಿಷಿನ ಫಾದರ್, ಪಾದ ಅಲ್ಲಿ ಫುಟ್. ಇಂಥ ಬದಲಾವಣೆಗೆ ನಿಯಮ ಇದೆ ಅಂತ ಯಾಕೋಬ್ ಗ್ರಿಮ್ 1822ರಲ್ಲಿ ಬರೆದರು. ಅಣ್ಣತಮ್ಮಂದಿರಾಗಿ ಮಕ್ಕಳ ಕಥೆ ಸಂಗ್ರಹಿಸಿದರಲ್ಲ, ಅದೇ ಗ್ರಿಮ್. ಇಂಗ್ಲಿಷ್ ಅಂದರೆ ಜರ್ಮನರಿಗೆ ದೂರದ ಸಂಬಂಧಿಕರ ಮನೆಯ ಹಳೇ ಪೆಟ್ಟಿಗೆ ಇದ್ದ ಹಾಗೆ. ತೆರೆದು ನೋಡದೆ ಇರಲಾಗಲಿಲ್ಲ.

ಇದೇ ಹುಚ್ಚಿನ ಒಬ್ಬರು ನಮ್ಮ ಕಡೆಗೂ ಬಂದಿದ್ದರು. ಫರ್ಡಿನೆಂಡ್ ಕಿಟ್ಟೆಲ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕೊನೆಗಾಲವನ್ನು ಅವರು ಕಳೆದದ್ದೂ ಆ ಊರಿನಲ್ಲೇ. ಜರ್ಮನ್ ಮನುಷ್ಯ, ಕನ್ನಡ ಪದ, ಇಂಗ್ಲಿಷ್ ಅರ್ಥ. ನೆಂಟರ ಕಣ್ಣು ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನ್ನ ಹತ್ತಿರ ಇಲ್ಲ.

ಇಷ್ಟು ಆಂಗ್ಲಿಸ್ಟಿಕ್ ಕಥೆ. ಹೆಸರಿನ ಇನ್ನೊಂದು ಅರ್ಧ, ಅಮೆರಿಕಾನಿಸ್ಟಿಕ್, ಬೆಳೆದು ದೊಡ್ಡದಾದದ್ದು ಎರಡನೇ ಮಹಾಯುದ್ಧದ ಆಮೇಲೆ. ಸೋತ ಜರ್ಮನಿಯಲ್ಲಿ ಅಮೆರಿಕದ ಸೈನ್ಯ ಕೂತಿತ್ತು, ಊರೂರಲ್ಲಿ ‘ಅಮೆರಿಕಾ ಹೌಸ್’ ಎಂಬ ಗ್ರಂಥಾಲಯಗಳು ಬಂದವು. 1953ರಲ್ಲಿ ಜರ್ಮನ್ ಅಮೆರಿಕ ಅಧ್ಯಯನ ಸಂಘ ಹುಟ್ಟಿತು. ಬರ್ಲಿನ್‌ನ ಫ್ರೀ ಯೂನಿವರ್ಸಿಟಿಯ ಅಮೆರಿಕ ಅಧ್ಯಯನ ಸಂಸ್ಥೆಗೆ 1963ರಲ್ಲಿ ಜಾನ್ ಎಫ್. ಕೆನಡಿ ಹೆಸರು ಬಂತು. ಅದೇ ಜೂನ್‌ನಲ್ಲಿ ಅವರು ಬರ್ಲಿನ್‌ಗೆ ಬಂದು ಹೋಗಿದ್ದರು, ನವೆಂಬರ್‌ನಲ್ಲಿ ಅವರ ಕೊಲೆಯಾಯಿತು. ಹೈಡೆಲ್‌ಬರ್ಗ್‌ನ ಅಮೆರಿಕ ಅಧ್ಯಯನ ಕೇಂದ್ರ ಇತ್ತೀಚಿನದು, 2003ರದು. ಇದರಲ್ಲಿ ರಾಜಕೀಯ ಇರಲಿಲ್ಲ ಅಂತ ಯಾರೂ ಹೇಳುವುದಿಲ್ಲ. ಗೆದ್ದವರು ತಮ್ಮ ಬಗ್ಗೆ ಒಳ್ಳೆಯದು ಓದಲಿ ಅಂತಲೇ ದುಡ್ಡು ಕೊಟ್ಟದ್ದು. ಆದರೆ ಇವತ್ತು ಆ ತರಗತಿಗಳಲ್ಲಿ ಜಾಸ್ತಿ ಮಾತು ನಡೆಯುವುದು ಗುಲಾಮಗಿರಿ, ಮೂಲನಿವಾಸಿಗಳ ಭೂಮಿ, ವಲಸೆ, ಜೈಲು ಇವುಗಳ ಮೇಲೆ. ಪುಸ್ತಕ ಕೊಟ್ಟವರಿಗೆ ಓದುವ ರೀತಿಯ ಮೇಲೆ ಹಿಡಿತ ಇರಲಿಲ್ಲ.

ಒಂದು ಎಚ್ಚರ. ಅಮೆರಿಕಾನಿಸ್ಟಿಕ್ ಅಂದರೆ ಅಮೆರಿಕದ ಕಾದಂಬರಿಗಳು ಅಷ್ಟೇ ಅಲ್ಲ. ಬರ್ಲಿನ್‌ನ ಕೆನಡಿ ಸಂಸ್ಥೆಯಲ್ಲಿ ಸಾಹಿತ್ಯದ ಪಕ್ಕದಲ್ಲೇ ಇತಿಹಾಸ, ರಾಜಕೀಯ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಇವೆ. ಇತಿಹಾಸ, ಪತ್ರಿಕೋದ್ಯಮ ಓದಿದ ನಿಮಗೆ ಇದು ಅನುಕೂಲವೇ. ಒಂದು ಎಳೆ ತೋರಿಸುತ್ತೇನೆ. ಕರಿಯರ ಹಕ್ಕಿನ ದೊಡ್ಡ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ 1892ರಿಂದ 1894ರವರೆಗೆ ಬರ್ಲಿನ್‌ನಲ್ಲಿ ಓದಿದವರು. ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದವರು. 1946ರಲ್ಲಿ ಅಂಬೇಡ್ಕರ್ ಅವರೇ ಡುಬಾಯ್ಸ್‌ಗೆ ಪತ್ರ ಬರೆದರು. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿಕೊಡಿ ಅಂತ. ಡುಬಾಯ್ಸ್ ಉತ್ತರವನ್ನೂ ಬರೆದರು. ಬರ್ಲಿನ್, ನ್ಯೂಯಾರ್ಕ್, ಮುಂಬೈ ಮೂರೂ ಒಂದೇ ದಾರದಲ್ಲಿ. ಕರ್ನಾಟಕದ ದಲಿತ ಚಳವಳಿಯ ಬರಹ ಓದಿ ಹೋದವರಿಗೆ ಈ ದಾರ ಎಳೆಯುವುದು ಸುಲಭ. ಪಕ್ಕದಲ್ಲಿ ಕೂತ ಜರ್ಮನ್ ಹುಡುಗನಿಗೆ ಅಷ್ಟು ಸುಲಭವಲ್ಲ.

ಈಗ ವಿಭಾಗದ ಒಳಗೆ ಬನ್ನಿ. ಸಾಮಾನ್ಯವಾಗಿ ಅದು ನಾಲ್ಕೈದು ಕೋಣೆಯ ಮನೆ: ಭಾಷಾವಿಜ್ಞಾನ, ಸಾಹಿತ್ಯ, ಸಂಸ್ಕೃತಿ ಅಧ್ಯಯನ, ಇಂಗ್ಲಿಷ್ ಪಾಠ ಮಾಡುವ ವಿಧಾನ, ಭಾಷೆಯ ಅಭ್ಯಾಸ. ಪಾಠ ಮಾಡುವ ವಿಧಾನದ ಕೋಣೆ ಮೇಷ್ಟ್ರಾಗುವವರಿಗೆ. ಅಲ್ಲಿ ಬಿಎ ಓದುವವರಲ್ಲಿ ತುಂಬ ಜನ ನಾಳೆ ಜರ್ಮನ್ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರು. ಎಂಎಗೆ ಬರುವ ನಿಮಗೆ ಅದರ ತಂಟೆ ಇಲ್ಲ.

ಭಾಷಾವಿಜ್ಞಾನದ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಹುಡುಗಿಯರು ಹೆದರುವುದು ಇಲ್ಲೇ. ಉಚ್ಚಾರಣೆಯ ತರಗತಿಯಲ್ಲಿ ಎರಡು ಪದ ಕೊಡುತ್ತಾರೆ. ಒಂದು ದ್ರಾಕ್ಷಿ ಬಳ್ಳಿ, ಇನ್ನೊಂದು ಆ ದ್ರಾಕ್ಷಿಯಿಂದ ಮಾಡಿದ ಮದ್ಯ. ಕನ್ನಡದಲ್ಲಿ ಬರೆದರೆ ಎರಡೂ ‘ವೈನ್’. ನಮ್ಮ ಬಾಯಲ್ಲೂ ಎರಡೂ ಒಂದೇ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ಸರಿಯಾಗಿ ತಾಗಬೇಕು, ಗಾಳಿ ಉಜ್ಜಿಕೊಂಡು ಬರಬೇಕು. ಎರಡನೆಯದಕ್ಕೆ ಹಲ್ಲಿನ ಕೆಲಸವೇ ಇಲ್ಲ. ಸೀಟಿ ಊದುವ ಹಾಗೆ ತುಟಿ ಗುಂಡಗೆ ಮಾಡಬೇಕು. ನಮ್ಮ ‘ವ’ ಇವೆರಡರ ನಡುವೆ ಎಲ್ಲೋ ಇದೆ. ಮೊದಲ ದಿನ ಕನ್ನಡಿ ಹಿಡಿದು ತುಟಿ ನೋಡಿಕೊಂಡಾಗ ನಾಚಿಕೆಯಾಯಿತು. ಆಮೇಲೆ ಪಕ್ಕದ ಜರ್ಮನ್ ಹುಡುಗನನ್ನು ನೋಡಿದೆ. ಅವನದೂ ಅದೇ ಪಾಡು. ಅವರ ಭಾಷೆಯಲ್ಲಿ ‘ಡಬ್ಲ್ಯೂ’ ಅಕ್ಷರ ಬರೆದರೆ ಹಲ್ಲು ತಾಗಿಸಿಯೇ ಓದುವುದು. ತಪ್ಪು ತಿದ್ದಿಕೊಳ್ಳಲು ಹೋಗಿ ಅವನು ‘ವಿಲೇಜ್’ ಅನ್ನುವಾಗಲೂ ತುಟಿ ಗುಂಡಗೆ ಮಾಡುತ್ತಿದ್ದ. ಇಬ್ಬರೂ ನಕ್ಕೆವು. ಅಲ್ಲಿಂದ ನನ್ನ ಹೆದರಿಕೆ ಹೋಯಿತು.

ಇನ್ನೊಂದು ಮಾತು. ನಮ್ಮ ‘ಟ’, ‘ಡ’ ನಾಲಿಗೆ ಹಿಂದಕ್ಕೆ ಮಡಚಿ ಹುಟ್ಟುವುದು. ಇಂಗ್ಲಿಷ್ ಮಾತಾಡುವಾಗಲೂ ನಾವು ಅದನ್ನೇ ಬಳಸುತ್ತೇವೆ. ಹಳೇ ಪುಸ್ತಕಗಳಲ್ಲಿ ಅದನ್ನು ತಪ್ಪು ಅಂತ ಬರೆಯುತ್ತಿದ್ದರು. ಈಗ ಭಾರತೀಯ ಇಂಗ್ಲಿಷ್ ಅನ್ನುವುದೇ ಪಾಠದ ವಿಷಯ. ಅದರ ಮೇಲೆ ಕೋರ್ಸುಗಳಿವೆ, ಪ್ರಬಂಧಗಳಿವೆ. ನಿಮ್ಮ ಬಾಯೇ ಅಲ್ಲಿ ಪ್ರಯೋಗಶಾಲೆ. ಹಾಗಂತ ವ್ಯಾಕರಣ ತಪ್ಪಿದರೆ ಬಿಡುತ್ತಾರೆ ಅಂದುಕೊಳ್ಳಬೇಡಿ. ಬರಹದಲ್ಲಿ ತುಂಬ ಕಟ್ಟುನಿಟ್ಟು.

ಸಾಹಿತ್ಯದ ಕೋಣೆಯಲ್ಲಿ ಕಥೆ ಏನು ಅಂತ ಯಾರೂ ಕೇಳುವುದಿಲ್ಲ. ಕಥೆ ಹೇಳುತ್ತಿರುವವರು ಯಾರು, ಅವರಿಗೆ ಎಷ್ಟು ಗೊತ್ತು, ಏನನ್ನು ಹೇಳದೆ ಬಿಟ್ಟರು ಅಂತ ಕೇಳುತ್ತಾರೆ. ಆಸ್ಟ್ರಿಯಾದ ಫ್ರಾಂಜ್ ಸ್ಟಾಂಜೆಲ್ ನಿರೂಪಕನ ಬಗೆಗಳನ್ನು ವಿಂಗಡಿಸಿದವರು. ಕಾನ್‌ಸ್ಟಾನ್ಸ್‌ನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ವೋಲ್ಫ್‌ಗಾಂಗ್ ಈಸರ್, ಪಠ್ಯದಲ್ಲಿ ಖಾಲಿ ಜಾಗಗಳಿರುತ್ತವೆ, ಓದುಗ ಅದನ್ನು ತುಂಬುವಾಗಲೇ ಅರ್ಥ ಹುಟ್ಟುವುದು ಅಂದರು. ಇದನ್ನು ಮೊದಲ ಸಲ ಕೇಳಿದಾಗ ನನಗೆ ‘ಇದು ನಮ್ಮ ಕಾವ್ಯಶಾಸ್ತ್ರದ ಧ್ವನಿ, ಅಂದರೆ ಹೇಳದೆ ಸೂಚಿಸುವ ಅರ್ಥ, ಅಲ್ವಾ, ಆನಂದವರ್ಧನ ಸಾವಿರ ವರ್ಷದ ಹಿಂದೆಯೇ ಹೇಳಿದ್ದಾನಲ್ಲ’ ಅನ್ನಿಸಿತು. ಸೆಮಿನಾರಿನಲ್ಲಿ ಕೈ ಎತ್ತಿ ಹೇಳಿಯೂ ಬಿಟ್ಟೆ. ‘ಹೌದಾ? ಎರಡೂ ಎಲ್ಲಿ ಒಂದೇ, ಎಲ್ಲಿ ಬೇರೆ?’ ಅಂತ ಪ್ರಾಧ್ಯಾಪಕರು ಕೇಳಿದರು. ನನಗೆ ಹೇಳಲು ಬರಲಿಲ್ಲ. ‘ನಮ್ಮಲ್ಲಿ ಮೊದಲೇ ಇತ್ತು’ ಅನ್ನುವ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ. ಬಿಡಿಸಿ ತೋರಿಸಿದರೆ ತುಂಬ ಕಿಮ್ಮತ್ತಿದೆ.

ಪಾಠದ ಕ್ರಮ ನಮ್ಮದಕ್ಕಿಂತ ಬೇರೆ. ಚಳಿಗಾಲದ ಸೆಮಿಸ್ಟರಿನ ತರಗತಿ ಅಕ್ಟೋಬರ್ ಮಧ್ಯದಿಂದ ಫೆಬ್ರವರಿವರೆಗೆ, ಬೇಸಿಗೆಯದು ಏಪ್ರಿಲ್‌ನಿಂದ ಜುಲೈವರೆಗೆ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಅಂತಿದ್ದರೆ ಎಷ್ಟೋ ಕಡೆ ಪಾಠ ಶುರುವಾಗುವುದು ಹತ್ತೂಕಾಲಕ್ಕೆ. ಆ ಕಾಲು ಗಂಟೆ ಹಳೇ ಕಾಲದಿಂದ ಬಂದ ಸಲಿಗೆ. ಉಪನ್ಯಾಸ ಮುಗಿದಾಗ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಬಡಿಯುತ್ತಾರೆ. ಮೊದಲ ದಿನ ನಾನು ಗಲಾಟೆ ಅಂದುಕೊಂಡೆ. ಹಲವು ಕಡೆ ಹಾಜರಿ ಕರೆಯುವುದೇ ಇಲ್ಲ. ಬಂದರೆ ಬಂದಿರಿ, ಇಲ್ಲದಿದ್ದರೆ ಇಲ್ಲ. ಈ ಸ್ವಾತಂತ್ರ್ಯದಲ್ಲೇ ಮುಳುಗಿ ಹೋದ ನಮ್ಮವರನ್ನು ನೋಡಿದ್ದೇನೆ.

ನಿಜವಾದ ಪರೀಕ್ಷೆ ತರಗತಿ ಮುಗಿದ ಮೇಲೆ. ಅದಕ್ಕೆ ಹೌಸಾರ್ಬೈಟ್ ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ಮನೆಗೆಲಸ ಅಂತ ಆಗುತ್ತದೆ. ಎಂಎಯಲ್ಲಿ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು ಪುಟ. ವಿಷಯ ಅವರು ಕೊಡುವುದಿಲ್ಲ, ನೀವೇ ಹುಡುಕಬೇಕು. ಇಲ್ಲಿ ನಮ್ಮವರು ಎಡವುತ್ತಾರೆ. ನಾನೂ ಎಡವಿದೆ. ನಮಗೆ ಗೊತ್ತಿರುವುದು ಹತ್ತು ಮಾರ್ಕ್ಸ್ ಪ್ರಶ್ನೆ, ಗೈಡು, ಮೇಷ್ಟ್ರ ನೋಟ್ಸು. ನನ್ನ ಮೊದಲ ಹೌಸಾರ್ಬೈಟ್ ಹದಿನಾರು ಪುಟ ಇತ್ತು. ಯಾವ ವಿಮರ್ಶಕರು ಏನಂದರು ಅಂತ ಚೆನ್ನಾಗಿ ಜೋಡಿಸಿದ್ದೆ. ಬಂದ ಗ್ರೇಡ್ 3.7. ಅಲ್ಲಿ 1.0 ಅಂದರೆ ಅತಿ ಒಳ್ಳೆಯದು, 4.0 ಅಂದರೆ ಸುಮ್ನೆ ಪಾಸು, ಸಂಖ್ಯೆ ಅದಕ್ಕಿಂತ ಹೆಚ್ಚಾದರೆ ಫೇಲು. ತಿದ್ದಿದವರು ಇಡೀ ಪ್ರಬಂಧದಲ್ಲಿ ನಾಲ್ಕು ವಾಕ್ಯದ ಅಡಿಗೆ ಪೆನ್ಸಿಲ್ ಗೆರೆ ಎಳೆದಿದ್ದರು. ತಪ್ಪಿರಬೇಕು ಅಂದುಕೊಂಡೆ. ಅಲ್ಲ, ‘ಇವು ನಾಲ್ಕು ನಿಮ್ಮ ಸ್ವಂತ ವಾಕ್ಯ’ ಅಂತ ಅಂಚಿನಲ್ಲಿ ಬರೆದಿದ್ದರು. ಆ ನಾಲ್ಕರಲ್ಲಿ ಒಂದು ‘ಇದನ್ನು ಮುಂದಿನ ಭಾಗದಲ್ಲಿ ನೋಡೋಣ’ ಅಂತಿತ್ತು.

ಅದಾದ ಮೇಲೆ ಕಲಿತದ್ದು ಒಂದು ಉಪಾಯ. ಪ್ರತಿ ಪ್ರಾಧ್ಯಾಪಕರಿಗೂ ವಾರಕ್ಕೊಮ್ಮೆ ವಿದ್ಯಾರ್ಥಿಗಳನ್ನು ಭೇಟಿ ಮಾಡುವ ಸಮಯ ಇರುತ್ತದೆ. ಹದಿನೈದು ನಿಮಿಷ ಸಿಗುತ್ತದೆ. ಖಾಲಿ ಕೈಯಲ್ಲಿ ಹೋಗಿ ‘ಯಾವ ಟಾಪಿಕ್ ಮಾಡಲಿ ಮೇಡಂ’ ಅಂತ ಕೇಳಬೇಡಿ. ಒಂದು ಪುಟದಲ್ಲಿ ಪ್ರಶ್ನೆ, ಯಾವ ಪಠ್ಯ, ಏನು ಹೇಳಬೇಕೆಂದಿದ್ದೇನೆ, ಓದಿದ ನಾಲ್ಕು ಪುಸ್ತಕ, ಇಷ್ಟನ್ನು ಬರೆದುಕೊಂಡು ಹೋಗಿ. ಅವರು ಆ ಪುಟವನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಸಂತೋಷದಿಂದ ಬನ್ನಿ. ಪ್ರಶ್ನೆ ಚಿಕ್ಕದಾದಷ್ಟೂ ಪ್ರಬಂಧ ಗಟ್ಟಿ.

ಉದಾಹರಣೆಗೆ ‘ಹ್ಯಾಮ್ಲೆಟ್‌ನಲ್ಲಿ ಸಾವು’ ಅಂತ ಹೋದರೆ ಯಾರಿಗೂ ಬೇಡ. ಅದರ ಮೇಲೆ ಗ್ರಂಥಾಲಯದಲ್ಲಿ ಗೋಡೆ ತುಂಬ ಪುಸ್ತಕ ಇದೆ. ಆದರೆ ಕುವೆಂಪು ಅದೇ ನಾಟಕವನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು. ಒಂದೇ ಒಂದು ದೃಶ್ಯ ತೆಗೆದುಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಡೆನ್ಮಾರ್ಕಿನ ಅರಮನೆ ಮಲೆನಾಡಿಗೆ ಬಂದಾಗ ಏನು ಉದುರಿತು, ಏನು ಹೊಸದಾಗಿ ಸೇರಿತು ಅಂತ ಸಾಲು ಸಾಲಾಗಿ ನೋಡಿ. ಇದನ್ನು ಆ ತರಗತಿಯಲ್ಲಿ ನಿಮ್ಮೊಬ್ಬರಿಗೇ ಮಾಡಲು ಸಾಧ್ಯ. ಕನ್ನಡವನ್ನು ಮನೆಯಲ್ಲಿ ಬಿಟ್ಟು ಬರಬೇಡಿ ಅಂತ ನಾನು ಬಂದವರಿಗೆಲ್ಲ ಹೇಳುವುದು ಭಾಷಾಭಿಮಾನಕ್ಕಲ್ಲ, ಗ್ರೇಡಿಗಾಗಿ. ಹಾಗೆ ನೋಡಿದರೆ ನಮ್ಮಲ್ಲಿ ಇಂಗ್ಲಿಷ್ ವಿಭಾಗ ಇದ್ದದ್ದೇ ಕನ್ನಡಕ್ಕಾಗಿ ಅನ್ನಿಸುತ್ತದೆ. ಬಿ.ಎಂ.ಶ್ರೀ, ಗೋಕಾಕ್, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ.

ಇನ್ನು ನಿಮ್ಮ ಲೆಕ್ಕಾಚಾರದ ಪ್ರಶ್ನೆಗಳು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕನ್ನು ನೀವು ಕೇಳಿಯೇ ಇಲ್ಲ. ಅಲ್ಲಿ ಓದನ್ನು ಇಸಿಟಿಎಸ್ ಎಂಬ ಅಂಕದಲ್ಲಿ ಅಳೆಯುತ್ತಾರೆ. ಒಂದು ಅಂಕ ಅಂದರೆ 25ರಿಂದ 30 ಗಂಟೆಯ ಓದು. ಮೂರು ವರ್ಷದ ಬಿಎಗೆ 180, ಎರಡು ವರ್ಷದ ಎಂಎಗೆ 120. ಎಂಎ ಸೇರಿಸಿಕೊಳ್ಳುವಾಗ ಹಲವು ವಿಭಾಗಗಳು ‘ಬಿಎಯಲ್ಲಿ ಇಂಗ್ಲಿಷ್ ವಿಷಯವೊಂದರಲ್ಲೇ ಇಷ್ಟು ಅಂಕ ಇರಬೇಕು’ ಅಂತ ನಿಯಮ ಇಡುತ್ತವೆ. ನಿಮ್ಮದು ಮೂರು ವಿಷಯದ ಬಿಎ. ಇಂಗ್ಲಿಷ್ ಅದರಲ್ಲಿ ಮೂರನೇ ಒಂದು ಪಾಲು. ಕೆಲವು ಕಡೆ ಇದು ಸಾಲುತ್ತದೆ, ಕೆಲವು ಕಡೆ ಸಾಲುವುದಿಲ್ಲ. ಆದ್ದರಿಂದ ಊರಿನ ಹೆಸರು ನೋಡಿ ಆಸೆ ಪಡುವ ಮೊದಲು ಆ ವಿಭಾಗದ ಪ್ರವೇಶ ನಿಯಮ ಓದಿ. ಐಚ್ಛಿಕ ಇಂಗ್ಲಿಷ್‌ನ ಜೊತೆಗೆ ಎಲ್ಲರಿಗೂ ಕಡ್ಡಾಯವಾದ ಭಾಷಾ ಪತ್ರಿಕೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರಾ ಅಂತ ಇಮೇಲ್ ಮಾಡಿ ಕೇಳಿ. ಪ್ರತಿ ಪತ್ರಿಕೆಯ ಸಿಲಬಸ್ಸನ್ನು ಕಾಲೇಜಿನಿಂದ ಸೀಲು ಹಾಕಿಸಿ ಇಟ್ಟುಕೊಳ್ಳಿ. ಪಾಸಾಗಿ ಎರಡು ವರ್ಷದ ಮೇಲೆ ಅದಕ್ಕೆ ಅಲೆಯುವುದು ದೊಡ್ಡ ಗೋಳು.

ನಿಮ್ಮ ಮಾರ್ಕ್ಸನ್ನು ಅವರ ಗ್ರೇಡಿಗೆ ತಿರುಗಿಸುವುದು ಹೀಗೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು, ಗರಿಷ್ಠದಿಂದ ಪಾಸಿನ ಅಂಕ ಕಳೆದು ಬಂದದ್ದರಿಂದ ಭಾಗಿಸಿ. ಮೂರರಿಂದ ಗುಣಿಸಿ, ಒಂದು ಸೇರಿಸಿ. ನಿಮಗೆ ನೂರಕ್ಕೆ 72, ಪಾಸಿಗೆ 40 ಅಂದುಕೊಳ್ಳಿ. 28ನ್ನು 60ರಿಂದ ಭಾಗಿಸಿ, ಮೂರರಿಂದ ಗುಣಿಸಿದರೆ 1.4. ಒಂದು ಸೇರಿಸಿದರೆ 2.4. ಎಷ್ಟೋ ಕಡೆ 2.5 ಗಡಿ ಇಡುತ್ತಾರೆ, ಅಷ್ಟರೊಳಗೆ ಬಂದಿರಿ. ಪಾಸಿನ ಅಂಕ 35 ಅಂತ ಬರೆದಿದ್ದರೆ ಗ್ರೇಡ್ ಇನ್ನೂ ಸ್ವಲ್ಪ ಚೆನ್ನಾಗುತ್ತದೆ, ಹಾಗಾಗಿ ಅಂಕಪಟ್ಟಿಯಲ್ಲಿ ಎಷ್ಟಿದೆ ಅಂತ ನೋಡಿಕೊಳ್ಳಿ.

ಎಪಿಎಸ್ ಅಂತ ಒಂದು ಪ್ರಮಾಣಪತ್ರ ಬೇಕು. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಕಡ್ಡಾಯ ಮಾಡಿದ್ದಾರೆ. ನಿಮ್ಮ ಅಂಕಪಟ್ಟಿ ಅಸಲಿ ಅಂತ ಪರೀಕ್ಷಿಸಿ ಕೊಡುತ್ತಾರೆ, ಫೀಸು 18,000 ರೂಪಾಯಿ. ವಾರಗಟ್ಟಲೆ ಹಿಡಿಯುವ ಕೆಲಸ, ಕೊನೇ ಗಳಿಗೆಗೆ ಇಡಬೇಡಿ.

ದುಡ್ಡಿನ ವಿಷಯ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅನ್ನುವುದು ನಿಜ. ಸೆಮಿಸ್ಟರಿಗೆ ನೂರರಿಂದ ಮುನ್ನೂರು ನಾನೂರು ಯೂರೊ ಒಳಗೆ ಒಂದು ವಂತಿಗೆ ಇರುತ್ತದೆ. ಆದರೆ ಬಾಡನ್–ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ಇದೆ. ನಮ್ಮ ವಿಷಯಕ್ಕೆ ಹೆಸರಾದ ಟ್ಯೂಬಿಂಗನ್, ಫ್ರೈಬುರ್ಗ್, ಹೈಡೆಲ್‌ಬರ್ಗ್, ಕಾನ್‌ಸ್ಟಾನ್ಸ್ ನಾಲ್ಕೂ ಅದೇ ರಾಜ್ಯದಲ್ಲಿವೆ! ಇದಲ್ಲದೆ ವೀಸಾಗೆ ಮುಂಚೆ ಒಂದು ವರ್ಷದ ಖರ್ಚನ್ನು ತಡೆಹಿಡಿದ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ನಮ್ಮ ಲೆಕ್ಕದಲ್ಲಿ ಹನ್ನೆರಡು ಲಕ್ಷದ ಹತ್ತಿರ. ದುಡ್ಡು ನಿಮ್ಮದೇ, ತಿಂಗಳಿಗೆ 992 ಯೂರೊದಂತೆ ವಾಪಸ್ ಬರುತ್ತದೆ. ಆದರೆ ಒಮ್ಮೆಗೇ ಹೊಂದಿಸಬೇಕಲ್ಲ, ಅದೇ ಕಷ್ಟ. ಅದರಲ್ಲೇ ರೂಮು, ಊಟ, ತಿಂಗಳಿಗೆ ನೂರಮೂವತ್ತು ಯೂರೊ ದಾಟುವ ಆರೋಗ್ಯ ವಿಮೆ ಎಲ್ಲ ನಡೆಯಬೇಕು. ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಬಿಡುತ್ತಾರೆ. ಅಪ್ಪ ಅಂಗಡಿ ಮೇಲೆ ಸಾಲ ಎತ್ತುವ ಮಾತಾಡಿದರೆ, ಈ ಪ್ಯಾರಾವನ್ನು ಎರಡು ಸಲ ಓದಿ ಹೇಳಿ. ಮೊತ್ತಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ವರ್ಷ ಮತ್ತೆ ನೋಡಿಕೊಳ್ಳಿ.

ಜರ್ಮನ್ ಬರಬೇಕಾ? ಎಂಎ ಪಾಠ ಪೂರ್ತಿ ಇಂಗ್ಲಿಷಿನಲ್ಲೇ ನಡೆಯುವ ಕಡೆ ಸೀಟಿಗೆ ಜರ್ಮನ್ ಬೇಕಾಗದೆ ಇರಬಹುದು. ಇಂಗ್ಲಿಷ್ ಮಾತ್ರ ಸಿ1 ಮಟ್ಟದ್ದು ಕೇಳುತ್ತಾರೆ, ಕೆಲವರು ಸಿ2 ಕೂಡ (ಅಲ್ಲಿ ಭಾಷೆ ಎಷ್ಟು ಬರುತ್ತದೆ ಅನ್ನುವುದನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಲ್ಲಿ ಅಳೆಯುತ್ತಾರೆ). ‘ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದೇನೆ’ ಎಂಬ ಪತ್ರ ಎಲ್ಲ ಕಡೆ ನಡೆಯುವುದಿಲ್ಲ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕೂರಬೇಕಾದೀತು. ಆದರೆ ಜರ್ಮನ್ ಇಲ್ಲದೆ ಬದುಕಲು ಬರುತ್ತಾ ಅಂತ ಕೇಳಿದರೆ, ಬರುವುದಿಲ್ಲ. ಮನೆ ಬಾಡಿಗೆಯ ಕರಾರು, ವಿಳಾಸ ನೋಂದಣಿಯ ಕಚೇರಿ, ಬೇಕರಿಯ ಕೆಲಸ ಎಲ್ಲ ಜರ್ಮನ್‌ನಲ್ಲೇ. ಇಲ್ಲಿಂದಲೇ ಎ2 ಮುಗಿಸಿ ಹೊರಡಿ, ಮೊದಲ ವರ್ಷದಲ್ಲಿ ಬಿ1 ಮಾಡಿ.

ಕೆಲಸದ ವಿಷಯದಲ್ಲಿ ಸಿಹಿ ಮಾತಾಡಲಾರೆ. ಕಂಪ್ಯೂಟರ್ ಓದಿದವರ ದಾರಿ ಇದಲ್ಲ. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಲು ಅಲ್ಲಿ ಎರಡು ವಿಷಯದ ಶಿಕ್ಷಕ ಪದವಿ ಬೇಕು, ಆಮೇಲೆ ಒಂದೂವರೆ ಎರಡು ವರ್ಷದ ತರಬೇತಿ, ಜರ್ಮನ್ ಅಂತೂ ಮಾತೃಭಾಷೆಯ ಹತ್ತಿರಕ್ಕೆ ಬರಬೇಕು. ಎಂಎ ಒಂದರಿಂದಲೇ ಅದು ಆಗುವುದಿಲ್ಲ. ಪ್ರಕಾಶನ, ಅನುವಾದ, ಸಂಸ್ಥೆಗಳ ಸಂವಹನ ವಿಭಾಗ, ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ಕಚೇರಿ, ಇಂಥ ಕಡೆ ನಮ್ಮವರು ಸೇರಿದ್ದನ್ನು ನೋಡಿದ್ದೇನೆ. ಎಲ್ಲರಿಗೂ ಜರ್ಮನ್ ಬರುತ್ತಿತ್ತು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ. ಪಿಎಚ್‌ಡಿ ಆಸೆ ಇದ್ದರೆ ಅಲ್ಲಿ ಅದಕ್ಕೆ ಸಂಬಳದ ಹುದ್ದೆಗಳೂ ಉಂಟು, ಹೆಚ್ಚಾಗಿ ಅರ್ಧ ಅಥವಾ ಮುಕ್ಕಾಲು ಹುದ್ದೆ, ಅದೂ ಗುತ್ತಿಗೆ. ವಾಪಸ್ ಬಂದು ಇಲ್ಲಿ ಕಾಲೇಜಿನಲ್ಲಿ ಕಲಿಸಬೇಕಾದರೆ ನೆಟ್ ಅಥವಾ ಕೆಸೆಟ್ ಬರೆಯಬೇಕು, ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಮಾಡಿಸಬೇಕು.

ನನ್ನನ್ನು ಕೇಳಿದರೆ ನಿಮ್ಮ ಸ್ಥಿತಿಯಲ್ಲಿ ಎರಡು ದಾರಿ ಇದೆ. ಇಂಗ್ಲಿಷ್ ಅಂಕ ಸಾಕಾಗುವ ವಿಭಾಗ ಸಿಕ್ಕಿದರೆ ಈ ವರ್ಷವೇ ಅರ್ಜಿ ಹಾಕಿ. ಸಿಗದಿದ್ದರೆ ಮೈಸೂರಿನಲ್ಲೋ ಧಾರವಾಡದಲ್ಲೋ ಎಂಎ ಇಂಗ್ಲಿಷ್ ಮುಗಿಸಿ, ಜೊತೆಗೆ ಜರ್ಮನ್ ಕಲಿಯಿರಿ. ಅದು ಸೋಲಲ್ಲ. ಮೈಸೂರಿನಲ್ಲಿ ಅಮೆರಿಕನ್ ಸಾಹಿತ್ಯವನ್ನು ಪಾಠಕ್ಕೆ ತಂದವರಲ್ಲಿ ಮೊದಲಿಗರು ಸಿ.ಡಿ. ನರಸಿಂಹಯ್ಯ. ಅವರು 1979ರಲ್ಲಿ ಕಟ್ಟಿದ ಸಾಹಿತ್ಯ ಅಧ್ಯಯನ ಕೇಂದ್ರ ಧ್ವನ್ಯಾಲೋಕ ಆ ಊರಲ್ಲೇ ಇದೆ. ಒಂದು ದಿನ ಹೋಗಿ ಬನ್ನಿ.

ಅರ್ಜಿಯ ಜೊತೆ ಒಂದು ಪತ್ರ ಕೇಳುತ್ತಾರೆ, ಯಾಕೆ ಈ ವಿಷಯ ಓದಬೇಕು ಅಂತ. ನಮ್ಮ ವಿಭಾಗಕ್ಕೆ ಬರುವ ಇಂಥ ಪತ್ರಗಳನ್ನು ಓದುವುದರಲ್ಲಿ ನನಗೂ ಪಾಲಿದೆ. ಹತ್ತಕ್ಕೆ ಎಂಟು ಪತ್ರ ‘ಚಿಕ್ಕಂದಿನಿಂದಲೂ ನನಗೆ ಇಂಗ್ಲಿಷ್ ಸಾಹಿತ್ಯ ಅಂದರೆ ತುಂಬ ಪ್ರೀತಿ’ ಅಂತಲೇ ಶುರುವಾಗುತ್ತವೆ. ಅದನ್ನು ಬರೆಯಬೇಡಿ. ನಿಮ್ಮ ಪುಸ್ತಕ ತೆಗೆಯಿರಿ. ಯಾರು, ಯಾವ ಊರಿನವರು, ವಯಸ್ಸೆಷ್ಟು, ಯಾವ ದಿನ ಹೇಳಿದ್ದು ಅಂತ ಪ್ರತಿ ಪದದ ಪಕ್ಕ ಬರೆಯಲು ಶುರು ಮಾಡಿ. ‘ಡೋಸ್’ ಅನ್ನುವುದು ಗೊಬ್ಬರಕ್ಕೂ ಬಳಸುತ್ತಾರಾ, ಬರೀ ಔಷಧಿಗಾ? ‘ಸ್ಪ್ರೇ ಹೊಡೆದೆ’ ಅನ್ನುವವರು, ‘ಸ್ಪ್ರೇ ಮಾಡಿದೆ’ ಅನ್ನುವವರು ಬೇರೆ ಬೇರೆ ವಯಸ್ಸಿನವರಾ? ಅದೇ ರೈತ ‘ಪೊಟ್ಯಾಷ್’ ಅನ್ನುವಾಗ ‘ಷ್’ ಎಲ್ಲಿಗೆ ಹೋಗುತ್ತದೆ? ಭಾಷೆಗಳು ಒಂದಕ್ಕೊಂದು ತಾಗಿದಾಗ ಏನಾಗುತ್ತದೆ ಅನ್ನುವುದು ಇಡೀ ಒಂದು ಕೋರ್ಸು ಅಲ್ಲಿ. ನೀವು ಅದನ್ನು ಕೌಂಟರಿನ ಹಿಂದೆ ಕೂತು ಶುರು ಮಾಡಿಬಿಟ್ಟಿದ್ದೀರಿ. ಪತ್ರದ ಮೊದಲ ಪ್ಯಾರಾ ಅದೇ ಇರಲಿ. ಕರಡು ಬರೆದ ಮೇಲೆ ನನಗೆ ಕಳಿಸಿ, ಪೆನ್ಸಿಲ್ ಹಿಡಿದು ಓದುತ್ತೇನೆ.